ಬ್ರೆಡ್ಡು, ಬೀಗರು ಮತ್ತು ನನ್ನ ಬಿ.ಪಿ.

ನಮ್ಮ ಕಡೆ ಗಂಡಸೊಬ್ಬ ಕೈಯಲ್ಲಿ ಬ್ರೆಡ್ಡು ಹಿಡಿದು ಬೀದಿಗೆ ಬಂದರೆ "ತಿಂಡಿಗಾ?" ಎಂದು ಯಾರೂ ಕೇಳುವುದಿಲ್ಲ. "ಯಾವ ಆಸ್ಪತ್ರೆ?" ಎಂದು ಕೇಳುತ್ತಾರೆ. ಇಡ್ಲಿ, ದೋಸೆ, ಅಕ್ಕಿರೊಟ್ಟಿಯ ಊರಿನಲ್ಲಿ ಬ್ರೆಡ್ಡು ಎಂದರೆ ಜ್ವರ ಬಂದವರ ಆಹಾರ, ಹಾಲಿನಲ್ಲಿ ಅದ್ದಿ ಬಾಯಿಗಿಡುವಂಥದ್ದು. ಕಾಯಿಲೆಯವರನ್ನು ನೋಡಲು ಹೋಗುವವರು ಒಂದು ಕೈಯಲ್ಲಿ ಬ್ರೆಡ್ಡು, ಇನ್ನೊಂದು ಕೈಯಲ್ಲಿ ಬಾಳೆಹಣ್ಣು ಹಿಡಿದು ಹೋಗುತ್ತಾರೆ. ಹುಟ್ಟಿದಾಗಿನಿಂದ ಶಿವಮೊಗ್ಗದಲ್ಲೇ ಇರುವ ನನಗೆ ಇದು ಗೊತ್ತಿಲ್ಲದ್ದೇನಲ್ಲ. ಗೊತ್ತಿದ್ದೂ ಮನೆಯಲ್ಲೇ ಬ್ರೆಡ್ಡು ಮಾಡಲು ಹೊರಟೆ. ಆಗಬಾರದ್ದು ಎಲ್ಲೇ ಇದ್ದರೂ ನನ್ನ ಮನೆ ವಿಳಾಸ ಕೇಳಿಕೊಂಡು ಬರುತ್ತದೆ, ಹಾಗಾಗಿ ಇದೂ ಬಂತು.

ನಾನು ಸರ್ವೆಯರ್. ಜನರ ಜಮೀನು ಅಳೆಯುವುದು ನನ್ನ ಕಸುಬು, ಚಿಂತೆ ಮಾಡುವುದು ನನ್ನ ಸ್ವಭಾವ. ವಿನೋಬನಗರದ ಮನೆಗೆ ಬೀಗ ಹಾಕಿ ಬಸ್‌ಸ್ಟಾಪು ಮುಟ್ಟುವಷ್ಟರಲ್ಲಿ ಬೀಗ ಹಾಕಿದೆನೋ ಇಲ್ಲವೋ ಎಂದು ವಾಪಸು ಬರುತ್ತೇನೆ. ಬೀಗ ಎಳೆದು ನೋಡಿ, ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಅದೇ ಬೀಗ ತೆಗೆಯುತ್ತೇನೆ. ಬಿ.ಪಿ. ನೋಡಿದ ಡಾಕ್ಟರು, "ಕೈಗೆ ಏನಾದ್ರೂ ಕೆಲಸ ಕೊಡಿ ಸಾರ್, ತಲೆಗೆ ಸ್ವಲ್ಪ ರಜೆ ಸಿಗುತ್ತೆ" ಎಂದರು. ವಿದ್ಯಾನಗರದ ಕಾಲೇಜೊಂದರಲ್ಲಿ ಪಾಠ ಹೇಳುವ ನನ್ನ ಮಗಳು ಆ ವಾರವೇ ಒಂದು ಪುಟ್ಟ ಓವನ್ ತಂದಿಟ್ಟಳು. "ಹಿಟ್ಟು ನಾದಿದ್ರೆ ಮನಸ್ಸು ಹಗುರ ಆಗುತ್ತಂತೆ ಅಪ್ಪಾ, ಬ್ರೆಡ್ ಮಾಡಿ" ಎಂದಳು.

ನನ್ನ ಹೆಂಡತಿ ಮಾತ್ರ ಓವನ್ನನ್ನೂ ನನ್ನನ್ನೂ ಒಮ್ಮೆ ನೋಡಿ, "ಇಷ್ಟು ದಿನ ಬೀಗ, ಗ್ಯಾಸ್ ಎರಡಕ್ಕೆ ಹೆದರ್ತಿದ್ರಿ. ಈಗ ಮೂರಾಯ್ತು" ಎಂದಳು.

ಟೊಪ್ಪಿ ಹಾಕಿದ ಹಿಟ್ಟು

ಬ್ರೆಡ್ಡಿಗೆ ನಾದಿದ ಹಿಟ್ಟು ಯೀಸ್ಟ್‌ನ ದೆಸೆಯಿಂದ ಎರಡರಷ್ಟು ಉಬ್ಬಬೇಕು. ಎರಡರಷ್ಟು ಎಂದರೆ ಎಷ್ಟು? ಬೇರೆಯವರು ಕಣ್ಣಳತೆಯಲ್ಲಿ ನೋಡುತ್ತಾರೆ. ಸರ್ವೆಯರ್ ಕಣ್ಣಳತೆ ನಂಬಿದರೆ ಸಸ್ಪೆಂಡ್ ಆಗುತ್ತಾನೆ. ಪಾತ್ರೆಗೆ ಸ್ಕೇಲು ಕಟ್ಟಿ ಹತ್ತು ನಿಮಿಷಕ್ಕೊಮ್ಮೆ ಮುಚ್ಚಳ ತೆಗೆದು ಅಳೆದೆ. ಒಂದೂವರೆ ತಾಸಾದರೂ ಹಿಟ್ಟು ಅರ್ಧ ಇಂಚೂ ಏಳಲಿಲ್ಲ.

"ನಮ್ಮಮ್ಮ ದೋಸೆ ಹಿಟ್ಟಿಗೆ ಚಳಿಯಾಗುತ್ತೆ ಅಂತ ಪಾತ್ರೆಗೆ ಕಂಬಳಿ ಹೊದಿಸ್ತಿದ್ರು. ಪದೇ ಪದೇ ಮುಚ್ಚಳ ತೆಗೀಬೇಡಿ, ಬೆಚ್ಚಗೆ ಮುಚ್ಚಿಡಿ" ಎಂದು ಹೇಳಿ ಹೆಂಡತಿ ಮಾರ್ಕೆಟ್ಟಿಗೆ ಹೋದಳು.

ಆಗಸ್ಟ್ ತಿಂಗಳ ಥಂಡಿ. ಕಂಬಳಿಯೊಂದೇ ಸಾಲದು ಎನ್ನಿಸಿತು. ಹಿಟ್ಟನ್ನು ಒಂದು ಬಿಳಿ ಪಂಚೆಯಲ್ಲಿ ಸುತ್ತಿದೆ. ಅದರ ಮೇಲೆ ನನ್ನ ಉಲ್ಲನ್ ಸ್ವೆಟರ್. ಮೇಲುಗಡೆ ಗಾಳಿ ಆಡುತ್ತದೆ ಎಂದು ನನ್ನ ಮಂಕಿ ಕ್ಯಾಪನ್ನೂ ತೊಡಿಸಿದೆ. ಮಂಚದ ಮೇಲೆ ಮಲಗಿಸಿ ಎರಡೂ ಕಡೆ ದಿಂಬು ಒತ್ತಿಟ್ಟು, ಉಬ್ಬುತ್ತಿದೆಯೋ ಇಲ್ಲವೋ ಎಂದು ಪಕ್ಕದಲ್ಲಿ ಕುಳಿತು ಮೆಲ್ಲಗೆ ತಟ್ಟಿ ನೋಡುತ್ತಿದ್ದೆ.

ಕಿಟಕಿಯ ಹೊರಗಿನಿಂದ ಎದುರುಮನೆ ಮೇಡಂ ಪಿಸುಗುಟ್ಟಿದರು. "ಸಾರ್, ಮಲ್ಗಿದ್ಯಾ?"

"ಇನ್ನೂ ಇಲ್ಲ ಮೇಡಂ. ಏಳ್ಬೇಕು ಇದು. ಏಳ್ತಾನೇ ಇಲ್ಲ" ಎಂದೆ.

"ಅಯ್ಯೋ ದೇವ್ರೇ! ಏಳ್ತಿಲ್ವಾ? ಯಾವಾಗಿನಿಂದ?"

"ಬೆಳಿಗ್ಗೆಯಿಂದ."

ಅವರ ಮುಖ ಬಿಳುಚಿತು. ಆಮೇಲೆ ಇನ್ನೇನೋ ಹೊಳೆದಂತಾಗಿ ಇನ್ನೂ ಬಿಳುಚಿತು. "ಅದ್ಸರಿ ಸಾರ್, ಮಗು ಯಾರ್ದು?"

ಆಗ ನನಗೆ ಅರ್ಥವಾಯಿತು. ಮನೆಯಲ್ಲಿ ಮದುವೆಗೆ ಬಂದ ಮಗಳಿದ್ದಾಳೆ. ಭದ್ರಾವತಿಯಿಂದ ಗಂಡಿನ ಕಡೆಯವರು ನೋಡಲು ಬರುವುದು ಮುಂದಿನ ಭಾನುವಾರ. ಎದುರುಮನೆ ಮೇಡಂ ಬಾಯಿಗೆ ಬಿದ್ದ ಸುದ್ದಿ ಭಾನುವಾರದವರೆಗೆ ಕಾಯುವುದಿಲ್ಲ. ಓಡಿ ಹೋಗಿ ಬಾಗಿಲು ತೆಗೆದು, ಅವರನ್ನು ಕೈಮುಗಿದು ಒಳಕ್ಕೆ ಕರೆದು, ಮಂಕಿ ಕ್ಯಾಪು ಬಿಚ್ಚಿ ತೋರಿಸಿದೆ.

ಅವರು ಹಿಟ್ಟನ್ನು ನೋಡಿದರು, ಬೆರಳಿನಿಂದ ಒತ್ತಿದರು, ನನ್ನ ಹಣೆಯನ್ನೂ ಒಮ್ಮೆ ನೋಡಿದರು.

"ಹಿಟ್ಟು ಹುಷಾರಾಗಿದೆ ಸಾರ್. ಟೊಪ್ಪಿ ನೀವು ಹಾಕ್ಕೊಳ್ಳಿ, ಸ್ವಲ್ಪ ಮಲ್ಗಿ" ಎಂದು ಹೇಳಿ ಹೋದರು.

ಸೋಗಾನೆಯ ಬದು

ಗಂಡಿನ ಕಡೆಯವರು ಬಂದರು, ಉಪ್ಪಿಟ್ಟು ಕೇಸರಿಬಾತ್ ತಿಂದರು. ಹುಡುಗ ದನದ ಡಾಕ್ಟರು. ತಂದೆ ಭದ್ರಾವತಿಯಲ್ಲಿ ಕಬ್ಬಿಣದ ಕಾರ್ಖಾನೆಯಲ್ಲಿದ್ದು ರಿಟೈರ್ ಆದವರು. ತಾಯಿ ಒಂದೇ ಭೇಟಿಗೆ ನನ್ನನ್ನು "ಅಣ್ಣಾ" ಎಂದು ಕರೆದರು. ಅವರು ಹೋದ ಮೇಲೆ ಮಗಳು, "ಅಪ್ಪಾ, ನಂಗೆ ಒಪ್ಪಿಗೆ" ಎಂದು ಹೇಳಿ ರೂಮಿಗೆ ಓಡಿದಳು. ಇದಕ್ಕೆ ಮುಂಚೆ ಬಂದಿದ್ದ ಏಳು ಗಂಡುಗಳಲ್ಲಿ ಒಬ್ಬನಿಗೂ ಅವಳು ಓಡಿರಲಿಲ್ಲ. ಹಾಗಾಗಿ ಈ ಸಂಬಂಧ ಕೈತಪ್ಪಬಾರದು ಎಂಬ ಚಿಂತೆ ಅಂದೇ ಶುರುವಾಯಿತು. ಚಿಂತೆ ಹೆಚ್ಚಾದಷ್ಟೂ ನಾದಿದೆ. ನಾದಿದಷ್ಟೂ ಬ್ರೆಡ್ಡು ಆಯಿತು. ಮನೆಯವರಿಬ್ಬರೂ ಎರಡನೇ ವಾರಕ್ಕೆ ತಿನ್ನಲಾರೆವೆಂದು ಕೈಎತ್ತಿದ್ದರಿಂದ ನಾನೇ ಡಬ್ಬಿಗೆ ಹಾಕಿಕೊಂಡು ಹೋಗುತ್ತಿದ್ದೆ.

ಆಗ ಸೋಗಾನೆ ಕಡೆ ಒಂದು ಅಳತೆ ಇತ್ತು. ಅಣ್ಣತಮ್ಮಂದಿರ ಹೊಲಗಳ ನಡುವೆ ಒಂದು ಬದು. ಆ ಬದು ಮೂರು ಅಡಿ ಆ ಕಡೆಯೋ ಈ ಕಡೆಯೋ ಎಂದು ಆರು ವರ್ಷದ ಜಗಳ. ನನಗಿಂತ ಮುಂಚೆ ಬಂದಿದ್ದ ಇಬ್ಬರು ಸರ್ವೆಯರುಗಳು ಇವರ ಕೈಯ ಕುಡುಗೋಲು ಕಂಡು ಅಳತೆ ಮುಗಿಸದೆ ವಾಪಸಾಗಿದ್ದರು. ನಾನು ಬೆಳಿಗ್ಗೆಯಿಂದ ಟೇಪು ಹಿಡಿದು ಓಡಾಡಿ, ಮಧ್ಯಾಹ್ನ ಮಾವಿನಮರದ ಕೆಳಗೆ ಡಬ್ಬಿ ಬಿಚ್ಚಿದೆ.

ಅಣ್ಣ ಹತ್ತಿರ ಬಂದ. "ಏನ್ ಸಾಹೇಬ್ರೆ, ಊಟಕ್ಕೆ ಬ್ರೆಡ್ಡಾ?"

"ಹೂಂ. ಮನೇಲೇ ಮಾಡಿದ್ದು."

"ದಿನಾ ಇದೇನಾ?"

"ಎರಡು ವಾರದಿಂದ ಇದೇ. ಡಾಕ್ಟ್ರು ಹೇಳಿದ್ದು."

ಅಣ್ಣ ತಮ್ಮನ ಕಡೆ ನೋಡಿದ. ತಮ್ಮ ಅಣ್ಣನ ಕಡೆ ನೋಡಿದ. ಅವರಿಬ್ಬರು ಮುಖ ಕೊಟ್ಟು ನೋಡಿದ್ದು ಆರು ವರ್ಷದಲ್ಲಿ ಅದೇ ಮೊದಲು ಎಂದು ಊರಿನವರು ಆಮೇಲೆ ಹೇಳಿದರು.

"ಪಾಪ, ಇಂಥ ಸ್ಥಿತೀಲೂ ಬಿಸಿಲಲ್ಲಿ ನಿಂತು ಅಳೀತಿದಾರೆ. ನಾವು ಮಣ್ಣಿಗೆ ಕಿತ್ತಾಡ್ತಿದೀವಲ್ಲ ಮಾರಾಯ" ಎಂದ ಅಣ್ಣ.

"ನಿಂಗೆ ಎಲ್ಲಿ ಬೇಕೋ ಅಲ್ಲಿ ಕಲ್ಲು ನೆಡ್ಸು ಅಣ್ಣ. ಇವರ ಜೀವ ಯಾಕೆ ತಿನ್ನೋದು?" ಎಂದ ತಮ್ಮ.

ನನಗೆ ಏನೂ ಆಗಿಲ್ಲ, ಬರೀ ಹವ್ಯಾಸಕ್ಕೆ ಬ್ರೆಡ್ಡು ಎಂದು ಹೇಳಲು ಬಾಯಿ ತೆರೆದೆ. ಆದರೆ ನಿಜ ಹೇಳಿದ ಕೂಡಲೇ ಇವರು ಮತ್ತೆ ಕುಡುಗೋಲು ಹುಡುಕಿದರೆ ಎಂಬ ಹೆದರಿಕೆ. ಬಾಯಿ ಮುಚ್ಚಿಕೊಂಡೆ. ನಕ್ಷೆಗೆ ಇಬ್ಬರ ಸಹಿ ಬೀಳುವವರೆಗೆ, ಅನುಕೂಲಕ್ಕಿರಲಿ ಎಂದು ಎರಡು ಸಲ ಕೆಮ್ಮಿದೆ ಕೂಡ.

ಅಂಗಡಿಯವನ ಸರ್ಟಿಫಿಕೇಟು

ಭದ್ರಾವತಿಯಿಂದ ಉತ್ತರ ಬರಲಿಲ್ಲ. ಒಂದು ವಾರವಾಯಿತು, ಎರಡಾಯಿತು, ಮೂರೂ ಆಯಿತು. ಫೋನು ಬಡಿದುಕೊಂಡರೆ ಓಡುತ್ತಿದ್ದೆ, ಬಡಿದುಕೊಳ್ಳದಿದ್ದರೆ ಕೆಟ್ಟಿದೆಯೇನೋ ಎಂದು ಹೆಂಡತಿಯ ಫೋನಿನಿಂದ ನನಗೇ ಕರೆ ಮಾಡಿ ನೋಡುತ್ತಿದ್ದೆ. ಮಗಳು ಊಟಕ್ಕೆ ಕುಳಿತು ಅನ್ನ ಕಲೆಸುತ್ತಲೇ ಇರುತ್ತಿದ್ದಳು. ಅದನ್ನು ನೋಡಿದರೆ ನನಗೂ ತುತ್ತು ಇಳಿಯುತ್ತಿರಲಿಲ್ಲ.

ಒಂದು ಭಾನುವಾರ ನಾನು ಹಿಟ್ಟು ನಾದುತ್ತಿರುವಾಗ ಮಗಳು ಮೊಬೈಲ್ ಹಿಡಿದು ಅಡುಗೆಮನೆಗೆ ಬಂದಳು. ಕಣ್ಣು ಕೆಂಪಾಗಿತ್ತು.

"ಅಪ್ಪಾ, ನಿಜ ಹೇಳಿ. ನಿಮ್ಗೆ ಏನು ಕಾಯಿಲೆ?"

"ನಂಗೆ? ನಂಗೇನು ಕಾಯಿಲೆ?"

"ಅವ್ರು ಮೆಸೇಜ್ ಮಾಡಿದಾರೆ. ಅವ್ರ ತಂದೆತಾಯಿಗೆ ಯಾರೋ ಹೇಳಿದಾರಂತೆ, ನಿಮ್ಗೆ ದೊಡ್ಡ ಕಾಯಿಲೆ, ನಾವು ಮುಚ್ಚಿಟ್ಟಿದೀವಿ ಅಂತ. ಅವ್ರ ತಾಯಿ ಕಡೆ ನೆಂಟರೊಬ್ರು ಸೋಗಾನೇಲಿದಾರಂತೆ. ನೀವು ಬ್ರೆಡ್ ತಿಂದು ಕೆಮ್ಮಿದ್ದನ್ನ ಅವ್ರು ಕಣ್ಣಾರೆ ನೋಡಿದಾರಂತೆ."

ಎರಡು ಕೆಮ್ಮು. ಒಂದೇ ಕೆಮ್ಮಿದ್ದರೂ ಸಹಿ ಬೀಳುತ್ತಿತ್ತೋ ಏನೋ. ನನ್ನ ಕೈ ಹಿಟ್ಟಿನೊಳಗೇ ನಿಂತುಹೋಯಿತು. ಹೆಂಡತಿ ಓವನ್ನಿನ ಪ್ಲಗ್ಗು ಕಿತ್ತಳು. ಅವಳು ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ಅದೂ ಸಾಲದೆ, ಗಂಡಿನ ತಾಯಿ ನಮ್ಮ ಬೀದಿ ಮೂಲೆಯ ಅಂಗಡಿಗೆ ಬಂದು ನಮ್ಮ ಬಗ್ಗೆ ವಿಚಾರಿಸಿಕೊಂಡು ಹೋಗಿದ್ದರಂತೆ. ಸಂಬಂಧ ಬೆಳೆಸುವವರು ಹೀಗೆ ವಿಚಾರಿಸುವುದು ಇದ್ದದ್ದೇ. ನಾನು ಕೈಯಲ್ಲಿದ್ದ ಹಿಟ್ಟನ್ನೂ ತೊಳೆಯದೆ ಅಂಗಡಿಗೆ ಹೋದೆ.

"ಏನು ಹೇಳಿದೆಯಪ್ಪಾ ಅವ್ರಿಗೆ?"

"ಕೆಟ್ಟದ್ದು ಒಂದಕ್ಷರ ಹೇಳಿಲ್ಲ ಸಾರ್. ಬಾಳ ಒಳ್ಳೆ ಜನ ಅಂದೆ. ಮನೇಲಿ ಯಾರಿಗಾದ್ರೂ ಹುಷಾರಿಲ್ವಾ ಅಂತ ಅವ್ರೇ ಕೇಳಿದ್ರು. ಇದ್ದದ್ದು ಹೇಳ್ದೆ. ಮೊದ್ಲು ನಮ್ಮಲ್ಲೇ ಯಾವಾಗಾದ್ರೂ ಒಂದು ಬ್ರೆಡ್ ತಗೋತಿದ್ರು, ಈಗ ಮನೇಲೇ ಮಾಡೋ ಮಟ್ಟಕ್ಕೆ ಬಂದಿದೆ ಅಂದೆ."

"ಮನೇಲಿ ಮಾಡಿದ್ರೆ ಏನೀಗ?"

"ಅಂಗಡಿ ಬ್ರೆಡ್ಡು ಸಾಕಾಗೋ ಕಾಯಿಲೆ ಆಗಿದ್ರೆ ಅಂಗಡೀಲೇ ತಗೋತಿದ್ರಿ ಅಲ್ವಾ ಸಾರ್?"

ಅವನ ಲೆಕ್ಕಾಚಾರದಲ್ಲಿ ನನಗೆ ತಪ್ಪು ಸಿಗಲಿಲ್ಲ. ಆದರೂ ಎದೆ ತಟ್ಟಿಕೊಂಡು, "ನೋಡು, ನಾನು ಗುಂಡುಕಲ್ಲಿನ ಹಾಗಿದೀನಿ" ಎಂದೆ. ಎದೆ ಮೇಲೆ ಐದು ಬೆರಳಿನ ಹಿಟ್ಟು ಮೂಡಿತು.

ಅವನು ಕನಿಕರದಿಂದ ತಲೆ ಆಡಿಸಿದ. "ನಮ್ಮ ಚಿಕ್ಕಪ್ಪಾನೂ ಕೊನೇವರೆಗೂ ಹಂಗೇ ಅಂತಿದ್ರು ಸಾರ್."

ಹೋಲ್ಡಾನ್, ಆಸ್ಪತ್ರೆ!

ನಾನೇ ಭದ್ರಾವತಿಗೆ ಹೋಗಿ ಇದ್ದದ್ದು ಇದ್ದ ಹಾಗೆ ಹೇಳುವುದು ಎಂದು ತೀರ್ಮಾನಿಸಿದೆ. ಹೆಂಡತಿ, "ಹೂವು ಹಣ್ಣು ತಗೊಂಡು ಹೋಗಿ, ಎರಡು ಮಾತಾಡಿ ಬನ್ನಿ. ದಮ್ಮಯ್ಯ, ಬ್ರೆಡ್ ಮಾತ್ರ ಬೇಡ" ಎಂದಳು. ಆದರೆ ಬ್ರೆಡ್ಡಿನಿಂದಲೇ ಹುಟ್ಟಿದ ಅನುಮಾನ ಬ್ರೆಡ್ಡನ್ನು ತೋರಿಸದೆ ಹೋಗುವುದು ಹೇಗೆ? ಸ್ಥಳ ತನಿಖೆಗೆ ಹೋಗುವವನು ನಕ್ಷೆ ಮನೆಯಲ್ಲಿ ಬಿಟ್ಟು ಹೋಗುತ್ತಾನೆಯೇ? ಅವಳು ಸೋಮವಾರದ ಪೂಜೆಗೆ ಕುಳಿತ ಹೊತ್ತು ನೋಡಿ ಮತ್ತೆ ಓವನ್ನಿನ ಪ್ಲಗ್ಗು ಚುಚ್ಚಿದೆ.

ಬದುಕಿನಲ್ಲಿ ಯಾವತ್ತೂ ಅಷ್ಟು ಹೆದರಿ ಅಡುಗೆ ಮಾಡಿದವನಲ್ಲ. ಎರಡು ನಿಮಿಷಕ್ಕೊಮ್ಮೆ ಓವನ್ನಿನ ಬಾಗಿಲು ತೆಗೆದೆ. ತೆಗೆದಾಗಲೆಲ್ಲ ಕಾವು ಹೊರಗೆ ಹೋಗುತ್ತದೆ ಎಂದು ಮಗಳು ಹೇಳಿದ್ದಳು. ಹಾಗಾಗಿ ಎಷ್ಟು ಕಾವು ಹೋಯಿತೋ ಎಂದು ನೋಡಲು ಇನ್ನೊಮ್ಮೆ ತೆಗೆದೆ. ಮೇಲೆ ಬಣ್ಣ ಚೆನ್ನಾಗಿಯೇ ಬಂತು. ಒಳಗಿನ ವಿಷಯ ದೇವರಿಗೆ ಬಿಟ್ಟು, ಬಿಳಿ ಬಟ್ಟೆಯಲ್ಲಿ ಸುತ್ತಿ, ಎದೆಗೆ ಅವುಚಿಕೊಂಡು ಭದ್ರಾವತಿ ಬಸ್ಸು ಹತ್ತಿದೆ.

ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಒಬ್ಬಾಕೆ ನನ್ನ ಕೈಯಲ್ಲಿದ್ದ ಬಟ್ಟೆಯ ಗಂಟನ್ನು ನೋಡಿ, "ಏನಣ್ಣಾ ಅದು?" ಎಂದರು. "ಬ್ರೆಡ್ಡು" ಎಂದೆ. ಅಷ್ಟಕ್ಕೇ ಮೂರು ಜನ ಎದ್ದು ನಿಂತು ಸೀಟು ಬಿಟ್ಟರು. ಪಕ್ಕದಲ್ಲಿ ಕೂತಿದ್ದ ಅಜ್ಜಿ ನನ್ನ ಕೈ ಹಿಡಿದುಕೊಂಡರು.

"ಯಾರಪ್ಪಾ ಮಲಗಿರೋದು? ಹತ್ತಿರದೋರಾ?"

"ಯಾರೂ ಇಲ್ಲ ಅಜ್ಜಿ. ಮಗಳ ಮದುವೆ ಮಾತಿಗೆ ಹೊರಟಿದೀನಿ."

ಬ್ರೆಡ್ಡು ಹಿಡಿದು ಮದುವೆ ಮಾತಿಗೆ ಹೋಗುವವರನ್ನು ಅಜ್ಜಿ ಕಂಡಿರಲಿಲ್ಲ. "ದುಃಖಕ್ಕೆ ಏನೇನೋ ಬಡಬಡಿಸ್ತಾನೆ ಪಾಪ" ಎಂದು ಹಿಂದಿನ ಸೀಟಿನವರಿಗೆ ಹೇಳಿದರು. ಸುದ್ದಿ ಸೀಟಿನಿಂದ ಸೀಟಿಗೆ ದಾಟಿ ಕಂಡಕ್ಟರನ ಕಿವಿಗೂ ಮುಟ್ಟಿತು.

ಭದ್ರಾವತಿಯಲ್ಲಿ ಕಂಡಕ್ಟರ್ ಸೀಟಿ ಊದಿದ. "ಹೋಲ್ಡಾನ್! ಆಸ್ಪತ್ರೆ! ಇಳೀರಿ ಸಾರ್, ನಿಧಾನ."

"ನಂದು ಇಲ್ಲಲ್ಲ, ಮುಂದಿನ ಸ್ಟಾಪು."

"ಗೇಟ್ ಮುಂದೇನೇ ನಿಲ್ಸಿದೀನಿ ಸಾರ್. ನಡೀಬೇಡಿ ನೀವು."

ಇಡೀ ಬಸ್ಸು ನನಗಾಗಿ ಎರಡು ಪಾಲಾಗಿ ದಾರಿ ಬಿಟ್ಟಿತು. ಅಜ್ಜಿ, "ಧೈರ್ಯ ತಗೋ ಮಗಾ" ಎಂದರು. ಅಷ್ಟು ಜನರ ಒಳ್ಳೆಯತನವನ್ನು ತಳ್ಳಿ ಸೀಟಿನಲ್ಲೇ ಕುಳಿತಿರುವ ಎದೆಗಾರಿಕೆ ನನಗಿಲ್ಲ. ಇಳಿದೆ. ನಾನು ಗೇಟಿನ ಒಳಗೆ ಹೋಗುವವರೆಗೆ ಬಸ್ಸು ಕದಲುವಂತೆ ಕಾಣಲಿಲ್ಲ. ಗೇಟಿನ ಒಳಗೂ ಹೋದೆ.

ಒಳಗೆ, ಕಣ್ಣು ತೋರಿಸಿಕೊಂಡು, ಹನಿ ಹಾಕಿಸಿಕೊಂಡು ಕರ್ಚೀಫು ಒತ್ತಿಕೊಳ್ಳುತ್ತಾ ಎದುರಿಗೆ ಬಂದವರು ಗಂಡಿನ ತಾಯಿ.

ನನ್ನನ್ನು ನೋಡಿದರು. ಎದೆಗವುಚಿದ ಬ್ರೆಡ್ಡನ್ನು ನೋಡಿದರು. ಆಸ್ಪತ್ರೆಯ ಬೋರ್ಡನ್ನೂ ನೋಡಿದರು. ಅವರ ಕಣ್ಣಿನಿಂದ ನೀರು ಇಳಿಯಿತು. ಅದು ಹನಿಯದೋ ಕನಿಕರದ್ದೋ ನನಗೆ ತಿಳಿಯಲಿಲ್ಲ.

"ಅಣ್ಣಾ, ಶಿವಮೊಗ್ಗದಲ್ಲಿ ತೋರಿಸ್ಕೊಂಡ್ರೆ ಎಲ್ಲರಿಗೂ ಗೊತ್ತಾಗುತ್ತೆ ಅಂತ ಇಲ್ಲಿಗೆ ಬರ್ತಿದೀರಾ?"

ತಟ್ಟಿ ನೋಡಿದ್ದು

ಅವರು ನನ್ನನ್ನು ಆಟೋದಲ್ಲಿ ಹುಷಾರಾಗಿ ಕೂರಿಸಿಕೊಂಡು ತಮ್ಮ ಮನೆಗೇ ಕರೆದುಕೊಂಡು ಹೋದರು. ಹುಡುಗ ಯಾವುದೋ ಹಳ್ಳಿಗೆ ಹಸುವಿನ ಹೆರಿಗೆಗೆ ಹೋಗಿದ್ದ. ಅವನ ತಂದೆ ಜಗಲಿಯ ಕುರ್ಚಿಯಲ್ಲಿ ಕುಳಿತಿದ್ದರು. ಮೂವತ್ತಮೂರು ವರ್ಷ ಫರ್ನೇಸ್ ಮುಂದೆ ನಿಂತ ಮನುಷ್ಯ. ಹುಬ್ಬಿನ ಕೂದಲು ಅಲ್ಲೇ ಸುಟ್ಟುಹೋಗಿ ಮತ್ತೆ ಸರಿಯಾಗಿ ಬಂದಿಲ್ಲ. ಹುಬ್ಬಿಲ್ಲದ ಮುಖ ಸಿಟ್ಟಿನಲ್ಲಿದೆಯೋ ಸಮಾಧಾನದಲ್ಲಿದೆಯೋ ನನ್ನಂಥವನಿಗೆ ಗೊತ್ತಾಗುವುದಿಲ್ಲ.

ನಾನು ದಾರಿಯಲ್ಲಿ ಬಾಯಿಪಾಠ ಮಾಡಿದ್ದೆಲ್ಲ ಮರೆತುಹೋಯಿತು. ನಿಂತಲ್ಲೇ ಒಂದೇ ಉಸಿರಿಗೆ ಎಲ್ಲ ಹೇಳಿಬಿಟ್ಟೆ. ಡಾಕ್ಟರ ಸಲಹೆ, ಟೊಪ್ಪಿ ಹಾಕಿದ ಹಿಟ್ಟು, ಸೋಗಾನೆಯ ಬದು.

"ಆ ಕೆಮ್ಮು ಸುಳ್ಳು ಸಾರ್. ಎರಡು ಸಲ ಕೆಮ್ಮಿದ್ದು ನಾನೇ, ಬೇಕೂಂತಾನೇ. ನಂಗಿರೋ ಕಾಯಿಲೆ ಒಂದೇ, ಹೆದರಿಕೆ. ಎಲ್ಲದಕ್ಕೂ ಹೆದರ್ತೀನಿ. ಈ ಸಂಬಂಧ ತಪ್ಪಿಹೋಗುತ್ತೇನೋ ಅಂತ ಮೂರು ವಾರದಿಂದ ನಿದ್ದೆ ಇಲ್ಲ. ನನ್ನ ಕೆಮ್ಮಿಗೆ ನನ್ನ ಮಗಳಿಗೆ ಶಿಕ್ಷೆ ಕೊಡ್ಬೇಡಿ" ಎಂದೆ. ಕೊನೆಯ ಮಾತಿಗೆ ನಿಜವಾಗಿಯೂ ಕೆಮ್ಮು ಬಂತು. ಎಷ್ಟು ತಡೆದರೂ ನಿಲ್ಲಲಿಲ್ಲ.

ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು.

"ಈ ಕೆಮ್ಮು ನಿಜದ್ದಾ, ಬದುವಿನ ಹತ್ರದ್ದಾ?" ಎಂದರು ಗಂಡಿನ ತಂದೆ. ಆಮೇಲೆ ನನ್ನ ಕೈಯಿಂದ ಬ್ರೆಡ್ಡು ಇಸಿದುಕೊಂಡರು. ಬಟ್ಟೆ ಬಿಚ್ಚಿ, ತಿರುಗಿಸಿ, ತಳಕ್ಕೆ ಬೆರಳಿನ ಗೆಣ್ಣಿನಿಂದ ಟಕ್ ಟಕ್ ಎಂದು ತಟ್ಟಿ ಕಿವಿಗಿಟ್ಟುಕೊಂಡರು. ಬೆಂದ ಬ್ರೆಡ್ಡು ತಟ್ಟಿದರೆ ಟೊಳ್ಳು ಸದ್ದು ಬರಬೇಕು. ಇದರಿಂದ ಯಾವ ಸದ್ದೂ ಬಂದಂತೆ ನನಗೆ ಕೇಳಲಿಲ್ಲ.

"ಬೆಂದಿದೆ" ಎಂದರು.

ಅವರ ಹೆಂಡತಿ ಒಂದು ಹೋಳು ಕತ್ತರಿಸಿ ಚಾಕು ನೋಡಿದರು. "ರೀ, ಚಾಕೆಲ್ಲ ಹಿಟ್ಟು. ಒಳಗೆ ಹಸಿ ಇದ್ದ ಹಾಗಿದೆ."

"ನಂಗೆ ಹೇಳ್ತೀಯಾ? ಕಾದ ಕಬ್ಬಿಣ ಬಣ್ಣ ನೋಡಿ ಹೇಳ್ತಿದ್ದೋನು ನಾನು. ಇಂಜಿನಿಯರ್‌ಗಳು ಮೀಟರ್ ಬಿಟ್ಟು ನನ್ನ ಕೇಳೋರು. ಇದ್ಯಾವ ಬ್ರೆಡ್ಡು!"

ಮಾತಿಗೆ ಸಾಕ್ಷಿಯಾಗಿ ಒಂದು ಹೋಳು ತಿಂದರು. ಹೆಂಡತಿ ಮುಖ ಸಿಂಡರಿಸಿದ್ದು ನೋಡಿ ಎರಡನೆಯದು ತಿಂದರು. ಆಕೆಗೆ ಸೋಮವಾರದ ಒಪ್ಪತ್ತು, ಬಚಾವಾದರು. ನನಗೂ ಒಂದು ಹೋಳು ಕೊಟ್ಟರು. ಬಾಯಿಗಿಟ್ಟ ಕೂಡಲೇ ನನಗೆ ಗೊತ್ತಾಯಿತು, ನಡುವೆ ಹಸಿ ಹಿಟ್ಟು, ಅಂಟು. ಹೇಳಿದರೆ ಅವರಿಗೆ ಅವಮಾನ, ಹೇಳದಿದ್ದರೆ ಅವರ ಹೊಟ್ಟೆಗೆ ಅಪಾಯ. ನಾನು ಈ ಎರಡನ್ನೂ ತೂಗುತ್ತಿರುವಾಗಲೇ ಅವರು ತುಪ್ಪ ಹಚ್ಚಿಕೊಂಡು ನಾಲ್ಕನೆಯದನ್ನೂ ಮುಗಿಸಿದರು.

"ಒಳ್ಳೇ ಗಟ್ಟಿ ಇದೆ. ನಾಳೆ ತಿಳಿಸ್ತೀವಿ" ಎಂದು ಬಾಗಿಲವರೆಗೆ ಬಂದು ಕಳಿಸಿಕೊಟ್ಟರು.

ನಾಳೆ ತಿಳಿಸಿದ್ದು

ಮಾರನೆಯ ದಿನ ಬೆಳಿಗ್ಗೆ ಏಳಕ್ಕೇ ಮಗಳ ಮೊಬೈಲ್‌ಗೆ ಕರೆ ಬಂತು. ಮಾತು ಮುಗಿಸಿ ಬಂದವಳು ನನ್ನ ಮುಖವನ್ನೇ ನೋಡುತ್ತಾ ನಿಂತಳು.

"ಅಪ್ಪಾ, ಅವ್ರ ತಂದೆಗೆ ವಾಂತಿ, ಭೇದಿ. ಬೆಳಗಿನ ಜಾವ ಅಡ್ಮಿಟ್ ಮಾಡಿದಾರೆ."

ನಾನು ಅಲ್ಲೇ ಮೆಟ್ಟಿಲ ಮೇಲೆ ಕುಳಿತುಬಿಟ್ಟೆ. ಆಗಬಾರದು ಎಂದು ನಾನು ಪಟ್ಟಿ ಮಾಡಿಕೊಂಡಿದ್ದ ಎಲ್ಲ ಕೇಡುಗಳಲ್ಲೂ ಇದೊಂದು ಇರಲಿಲ್ಲ. ಅಲ್ಲಿಗೆ ಬ್ರೆಡ್ಡು ಒಯ್ದ ವಿಷಯವನ್ನು ಹೆಂಡತಿಗೆ ಹೇಳದೆ ವಿಧಿಯಿರಲಿಲ್ಲ. ಹೇಳಿದೆ. ಅವಳು ಸೀರೆ ಬದಲಾಯಿಸಿಕೊಂಡು ಬಂದು, "ನಡೀರಿ. ನೋಡ್ಕೊಂಡು ಬರೋಣ. ಬೈದ್ರೆ ಬೈಸ್ಕೊಳ್ಳೋಣ" ಎಂದಳು. ಮಗಳು ನನ್ನ ಚಪ್ಪಲಿ ತಂದು ಮುಂದಿಟ್ಟಳು. ನನಗೆ ಅಳು ಬಂದದ್ದು ಆಗ.

ಆಸ್ಪತ್ರೆಗೆ ಬರಿಗೈಯಲ್ಲಿ ಹೋಗುವ ಹಾಗಿಲ್ಲ. ಹೊಟ್ಟೆ ಕೆಟ್ಟವರಿಗೆ ನಮ್ಮ ಕಡೆ ಒಯ್ಯುವುದು ಒಂದೇ. ಮೂಲೆ ಅಂಗಡಿಯವನ ಮುಂದೆ ನಿಂತು ತಲೆ ತಗ್ಗಿಸಿ, "ಒಂದು ಬ್ರೆಡ್ ಕೊಡು" ಎಂದೆ. ಅವನು ಗೌರವದಿಂದ ಎದ್ದು ನಿಂತ. "ಕೊನೆಗೂ ಅಂಗಡಿ ಬ್ರೆಡ್ಡಿಗೆ ಬಂದ್ರಿ. ಗುಣ ಆಗ್ತಿದೆ ಅನ್ಸುತ್ತೆ ಸಾರ್" ಎಂದ.

ಮತ್ತೆ ಅದೇ ಆಸ್ಪತ್ರೆ. ಈ ಸಲ ನಾನೇ ಕೇಳಿ ಇಳಿದೆ. ವಾರ್ಡಿನಲ್ಲಿ ಅವರು ಡ್ರಿಪ್ ಹಾಕಿಸಿಕೊಂಡು ಮಲಗಿದ್ದರು. ಒಂದು ಪಕ್ಕದಲ್ಲಿ ಮಗ, ಇನ್ನೊಂದು ಪಕ್ಕದಲ್ಲಿ ಹೆಂಡತಿ. ನಾನು ಮಂಚದ ಕಾಲ ಬಳಿ ನಿಂತು ಕೈಮುಗಿದೆ.

"ತಪ್ಪಾಯ್ತು ಸಾರ್. ಬ್ರೆಡ್ಡು..."

"ಬ್ರೆಡ್ಡಿನ ಸುದ್ದಿ ಎತ್ಬೇಡಿ" ಎಂದು ಅವರು ಡ್ರಿಪ್ ಇಲ್ಲದ ಕೈ ಎತ್ತಿದರು. "ಬ್ರೆಡ್ಡು ಬೆಂದಿತ್ತು. ಡಾಕ್ಟ್ರಿಗೂ ಅದೇ ಹೇಳ್ದೆ. ಇದೆಲ್ಲ ರಾತ್ರಿ ತಿಂದ ಹೀರೇಕಾಯಿ ಬಜ್ಜಿ ಕೆಲಸ."

"ನಾನು ಹೀರೇಕಾಯಿ ಬಜ್ಜಿ ಮಾಡಿ ಒಂದು ವರ್ಷ ಆಯ್ತು" ಎಂದರು ಅವರ ಹೆಂಡತಿ.

ಹುಡುಗ ಕಿಟಕಿಯ ಕಡೆ ತಿರುಗಿ ಕೆಮ್ಮಿದ. ಇದು ಅನುಕೂಲದ ಕೆಮ್ಮು ಎಂದು ನನಗೆ ಕೇಳಿದ ಕೂಡಲೇ ತಿಳಿಯಿತು.

ಗಂಡಿನ ತಂದೆ ನನ್ನ ಕಡೆಗೆ ತಿರುಗಿದರು. "ನೋಡಿ ಸರ್ವೆಯರ್ರೇ, ನೀವು ಕಾಯಿಲೆ ಮುಚ್ಚಿಡೋ ಜನ ಅಂದ್ಕೊಂಡಿದ್ವಿ. ಅದಕ್ಕೇ ತಡ ಮಾಡಿದ್ದು. ನಿನ್ನೆ ಬಂದು ಆ ಕೆಮ್ಮಿನ ಸಮೇತ ಎಲ್ಲಾ ಹೇಳಿದ್ರಲ್ಲ. ಯಾರೂ ಹೇಳಲ್ಲ ಅಷ್ಟು. ನಾವು ರಾತ್ರೀನೇ ಮಾತಾಡ್ಕೊಂಡ್ವಿ, ಬೆಳಿಗ್ಗೆ ಫೋನ್ ಮಾಡೋಣ ಅಂತಿದ್ವಿ, ಅಷ್ಟರಲ್ಲಿ ಈ ಹೀರೇಕಾಯಿ... ಇರ್ಲಿ ಬಿಡಿ. ನಿಶ್ಚಿತಾರ್ಥಕ್ಕೆ ದಿನ ನೋಡ್ಸಿ ಬೀಗ್ರೇ."

ಬೀಗ್ರೇ! ಆ ಮಾತು ಕೇಳಲು ಮೂರು ವಾರದಿಂದ ಕಾದಿದ್ದವನು ನಾನು. ಕಣ್ಣು ತುಂಬಿ ಬಂತು. ಹೆಂಡತಿ ನನ್ನ ಬೆನ್ನ ಹಿಂದೆ ಸೆರಗಿನಿಂದ ಮೂಗು ಒರೆಸಿಕೊಳ್ಳುವುದು ಕೇಳಿಸಿತು. ಏನು ಮಾಡಬೇಕೋ ತೋಚದೆ ಚೀಲದಿಂದ ಬ್ರೆಡ್ಡು ತೆಗೆದು ಅವರ ಕೈಗೆ ಕೊಟ್ಟೆ.

ಅವರ ಮುಖ ಬಿಳುಚಿತು.

"ನೀವು ಮಾಡಿದ್ದಾ?"

"ಅಲ್ಲ, ಅಂಗಡೀದು."

ಅವರ ಮುಖಕ್ಕೆ ಮತ್ತೆ ಬಣ್ಣ ಬಂತು. ದಿಂಬಿಗೆ ಒರಗಿ, ಬ್ರೆಡ್ಡು ತಿರುಗಿಸಿ, ತಳಕ್ಕೆ ಗೆಣ್ಣಿನಿಂದ ಟಕ್ ಟಕ್ ಎಂದು ತಟ್ಟಿ, ಕಿವಿಗಿಟ್ಟುಕೊಂಡು ಗಂಭೀರವಾಗಿ, "ಬೆಂದಿದೆ" ಎಂದರು.

ಅವರ ಹೆಂಡತಿ ಎದ್ದು ಬಂದು ಬ್ರೆಡ್ಡನ್ನು ಕಿತ್ತುಕೊಂಡು ನನ್ನ ಚೀಲಕ್ಕೇ ವಾಪಸು ತುರುಕಿದರು.

"ಇವ್ರು ಬೆಂದಿದೆ ಅಂದ್ರಾ? ಹಂಗಾದ್ರೆ ಯಾರೂ ಮುಟ್ಬೇಡಿ."